ಸ್ಪ್ರಿಂಗ್ ಬಿಗಿ ಮಾಡಿಸಿದ ಮೇಲೆ ಪೋಲೊ ತಿರುವಿನಲ್ಲಿ ಎಗರುತ್ತಿದೆ, ಏನು ಮಾಡಲಿ?

ನಂದಿತಪ್ಪಲು (ಚಿಕ್ಕಬಳ್ಳಾಪುರ):

ಎಲ್ಲರಿಗೂ ನಮಸ್ಕಾರ. ನನ್ನದು 2017ರ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ, 1.2 ಲೀಟರ್ ಟರ್ಬೊ, ಡಿಎಸ್‌ಜಿ (ಆಟೊಮ್ಯಾಟಿಕ್ ಗೇರ್). ಸೆಕೆಂಡ್ ಹ್ಯಾಂಡ್ ತಗೊಂಡು ಎರಡು ವರ್ಷ ಆಯಿತು, ಈಗ 68,000 ಕಿ.ಮೀ. ಓಡಿದೆ. ದಿನಾ ದೇವನಹಳ್ಳಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ಹೈವೇಯಲ್ಲಿ ತೊಂದರೆ ಇಲ್ಲ. ಆದರೆ ಮನೆ ಇರುವುದು ಗೌರಿಬಿದನೂರು ರಸ್ತೆ ಕಡೆ, ಊರಿಂದ ಆಚೆ. ಒಳಗಿನ ದಾರಿ ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ವಾ.

ಮೂರು ತಿಂಗಳ ಹಿಂದೆ ಒಂದು ಅಂಗಡಿಯಲ್ಲಿ ಕಾರನ್ನು 35 ಮಿ.ಮೀ. ಇಳಿಸುವ ಸ್ಪ್ರಿಂಗ್ ಹಾಕಿಸಿದೆ. ಶಾಕ್ ಅಬ್ಸಾರ್ಬರ್ ಹಳೆಯದೇ ಇರಲಿ, ಏನೂ ಆಗಲ್ಲ ಅಂದರು. ಜೊತೆಗೆ 16 ಇಂಚಿನ ವೀಲ್ ತೆಗೆಸಿ 17 ಹಾಕಿಸಿದೆ, ಟೈರ್ 205/45. ನೋಡಲು ತುಂಬಾ ಚೆನ್ನಾಗಿದೆ. ನುಣುಪಾದ ರಸ್ತೆಯಲ್ಲಿ ಸ್ಟೀರಿಂಗ್ ತಿರುಗಿಸಿದ ತಕ್ಷಣ ಕಾರು ತಿರುಗುತ್ತದೆ. ಆದರೆ ಹೋದ ಭಾನುವಾರ ಬೆಳಗ್ಗೆ ನಂದಿ ಬೆಟ್ಟ ಹತ್ತುವಾಗ ಒಂದು ತಿರುವಿನ ಮಧ್ಯೆ ಸಣ್ಣ ಉಬ್ಬು ಸಿಕ್ಕಿತು. ಹಿಂದಿನ ಚಕ್ರ ಧಡ್ ಅಂತ ಎಗರಿ ಕಾರು ಒಂದು ಅಡಿ ಪಕ್ಕಕ್ಕೆ ಹೋಯಿತು. ಜೋರಾಗಿ ಹೋಗುತ್ತಿರಲಿಲ್ಲ, ನಿಜವಾಗಲೂ ಹೆದರಿಕೆ ಆಯಿತು. ಅಮ್ಮ ಅಂತೂ ಸೊಂಟ ನೋವು ಅಂತ ಈ ಕಾರಲ್ಲಿ ಕೂರುವುದೇ ಇಲ್ಲ.

ಈಗ ಅದೇ ಅಂಗಡಿಯವರು ಕಾಯಿಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಸೆಟ್) ಹಾಕಿಸಿ, ಎಲ್ಲ ಸರಿ ಹೋಗುತ್ತದೆ ಅನ್ನುತ್ತಿದ್ದಾರೆ. ಹಾಕಿಸಲಾ, ಇಲ್ಲ ಹಳೆಯ ಸ್ಪ್ರಿಂಗ್‌ಗೇ ವಾಪಸ್ ಹೋಗಲಾ? ಹ್ಯಾಂಡ್ಲಿಂಗ್ ಬಿಟ್ಟುಕೊಡಲು ಮನಸ್ಸಿಲ್ಲ.

ದೇವರಾಯನದುರ್ಗ_ಟರ್ಬೊ (ತುಮಕೂರು):

ಗುರು, ಇನ್ನೊಂದು ರೂಪಾಯಿ ಖರ್ಚು ಮಾಡುವ ಮೊದಲು ಇದನ್ನು ಓದಿ. ನಾನೂ ಇದೇ ದಾರಿಯಲ್ಲಿ ಹೋಗಿ ಬಂದವನು.

ಸ್ಪ್ರಿಂಗ್ ಕೆಲಸ ಬೇರೆ, ಶಾಕ್ ಕೆಲಸ ಬೇರೆ. ಸ್ಪ್ರಿಂಗ್ ಕಾರಿನ ತೂಕ ಹೊರುತ್ತದೆ. ಅದು ಒತ್ತಿಕೊಂಡು ಮತ್ತೆ ಚಿಮ್ಮುವುದನ್ನು ಹಿಡಿಯುವುದು ಶಾಕ್. ಬಿಗಿ ಸ್ಪ್ರಿಂಗ್ ಜೋರಾಗಿ ಚಿಮ್ಮುತ್ತದೆ. 68,000 ಓಡಿ ಸವೆದ ಶಾಕ್‌ಗೆ ಅದನ್ನು ಹಿಡಿಯುವ ಶಕ್ತಿ ಎಲ್ಲಿಂದ ಬರಬೇಕು? ಚಕ್ರ ಉಬ್ಬಿನ ಮೇಲೆ ಹೋಗಿ ಹಾಗೇ ಗಾಳಿಯಲ್ಲಿ ಉಳಿಯುತ್ತದೆ. ಗಾಳಿಯಲ್ಲಿರುವ ಟೈರ್‌ಗೆ ಹಿಡಿತ ಇರಲ್ಲ, ಅಷ್ಟೇ.

ಎರಡನೆಯದು ಬಂಪ್ ಸ್ಟಾಪ್. ಶಾಕ್ ರಾಡ್ ಮೇಲೆ ಒಂದು ಮೆತ್ತನೆ ತುಂಡು ಇರುತ್ತದೆ. ಅಷ್ಟು ಇಳಿಸಿದ ಮೇಲೆ ಚಕ್ರ ಮೇಲೆ ಹೋಗಲು ಉಳಿದ ಜಾಗವೇ ಕಡಿಮೆ. ತಿರುವಿನಲ್ಲಿ ಕಾರು ಒಂದು ಕಡೆಗೆ ವಾಲಿದಾಗ ಆ ಜಾಗವೂ ಮುಗಿಯುತ್ತದೆ. ಆಗ ಉಬ್ಬು ಸಿಕ್ಕರೆ ಶಾಕ್ ನೇರವಾಗಿ ಆ ತುಂಡಿಗೆ ಹೊಡೆಯುತ್ತದೆ, ಒಂದೇ ಕ್ಷಣದಲ್ಲಿ ಸ್ಪ್ರಿಂಗ್ ಹತ್ತು ಪಟ್ಟು ಗಟ್ಟಿ ಆದ ಹಾಗೆ. ನಿಮಗೆ ನಂದಿಯಲ್ಲಿ ಆಗಿದ್ದು ಇದೇ ಅಂತ ನನಗೆ ಅನಿಸುತ್ತದೆ. ಪರೀಕ್ಷೆ ಸುಲಭ. ಧೂಳಿನ ಕವರ್ ಎತ್ತಿ ಶಾಕ್ ರಾಡ್‌ಗೆ ಒಂದು ಕೇಬಲ್ ಟೈ ಬಿಗಿಯಾಗಿ ಕಟ್ಟಿ, ಕೆಳಗೆ ತಳ್ಳಿ, ದಿನಾ ಓಡಾಡುವ ದಾರಿಯಲ್ಲೇ ಒಂದು ಸುತ್ತು ಹೋಗಿ ಬನ್ನಿ. ಟೈ ಬಂಪ್ ಸ್ಟಾಪ್ ತನಕ ಹೋಗಿದ್ದರೆ ಉತ್ತರ ಸಿಕ್ಕಿತು.

ಇಳಿಸಿದರೆ ವಾಲುವುದು ಕಡಿಮೆ ಆಗುತ್ತದೆ ಅನ್ನುವುದೂ ಅರ್ಧ ಸತ್ಯ. ಪೋಲೊ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಶಾಕ್, ಸ್ಪ್ರಿಂಗ್ ಒಂದೇ ಕಂಬದಲ್ಲಿ, ಕೆಳಗೆ ಚಕ್ರವನ್ನು ಕಾರಿಗೆ ಜೋಡಿಸುವ ಒಂದು ಆರ್ಮ್. ತುಂಬಾ ಇಳಿಸಿದರೆ ಕೆಳಗಿನ ಆರ್ಮ್‌ನ ಕೋನ ಬದಲಾಗಿ ರೋಲ್ ಸೆಂಟರ್ (ತಿರುವಿನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಜಾಸ್ತಿ ಕೆಳಗೆ ಹೋಗುತ್ತದೆ, ತೂಕದ ಕೇಂದ್ರ ಅಷ್ಟು ಇಳಿಯಲ್ಲ. ಇವೆರಡರ ನಡುವಿನ ಅಂತರ ಹೆಚ್ಚಾದಷ್ಟೂ ಕಾರು ವಾಲಲು ನೋಡುತ್ತದೆ, ಅದನ್ನು ತಡೆಯಲು ಮತ್ತೂ ಬಿಗಿ ಸ್ಪ್ರಿಂಗ್ ಬೇಕಾಗುತ್ತದೆ.

ಕಂಪನಿಯವರು ಮುಂದಿನ, ಹಿಂದಿನ ಸ್ಪ್ರಿಂಗ್‌ಗಳನ್ನು ಸುಮ್ನೆ ಆರಿಸಿರಲ್ಲ. ಸಾಮಾನ್ಯ ಕಾರು ಸೆಕೆಂಡಿಗೆ ಸುಮಾರು 1ರಿಂದ 1.5 ಸಲ ಏರಿಳಿಯುವಂತೆ ಇಟ್ಟಿರುತ್ತಾರೆ. ಹಿಂದಿನದು ಮುಂದಿನದಕ್ಕಿಂತ ಸ್ವಲ್ಪ ಬೇಗ ಆಡಬೇಕು ಅಂತ 1930ರ ದಶಕದಲ್ಲೇ ಜನರಲ್ ಮೋಟರ್ಸ್‌ನಲ್ಲಿ ಮಾರಿಸ್ ಆಲಿ ಎಂಬ ಎಂಜಿನಿಯರ್ ತೋರಿಸಿದ್ದರು. ಹಂಪ್ ಮೊದಲು ಮುಂದಿನ ಚಕ್ರಕ್ಕೆ ಸಿಗುತ್ತದೆ, ಆಮೇಲೆ ಹಿಂದಿನದಕ್ಕೆ. ಹಿಂದಿನದು ಬೇಗ ಆಡಿದರೆ ಎರಡೂ ಒಟ್ಟಿಗೆ ನಿಲ್ಲುತ್ತವೆ, ಕಾರು ತೊಟ್ಟಿಲಿನ ಹಾಗೆ ಹಿಂದೆ ಮುಂದೆ ತೂಗಲ್ಲ. ಯಾವುದೋ ಸ್ಪ್ರಿಂಗ್ ಸೆಟ್ ಹಾಕಿದಾಗ ಈ ಲೆಕ್ಕ ತಪ್ಪುತ್ತದೆ.

ನನ್ನ ಸಲಹೆ: ಕಂಪನಿ ಎತ್ತರದ ಸ್ಪ್ರಿಂಗ್, ಒಳ್ಳೆಯ ಶಾಕ್. ಬಿಲ್‌ಸ್ಟೈನ್ ಕಂಪನಿಯ ಶಾಕ್‌ಗಳಲ್ಲಿ ಬಿ6 ಮಾಮೂಲಿ ಎತ್ತರಕ್ಕೆ, ಬಿ8 ಇಳಿಸಿದ ಸ್ಪ್ರಿಂಗ್‌ಗೆ. ನಿಮಗೆ ಬಿ6 ಸಾಕು. ಕೆ-1000 ರ‍್ಯಾಲಿ ನಮ್ಮ ತುಮಕೂರು ಕಡೆ ನಡೆದಾಗ ನೋಡಲು ಹೋಗಿದ್ದೆ. ಆ ಮಣ್ಣಿನ ದಾರಿಯಲ್ಲಿ ಅಷ್ಟು ವೇಗವಾಗಿ ಹೋಗುವ ಕಾರುಗಳು ಯಾವುವೂ ನೆಲಕ್ಕೆ ಅಂಟಿಕೊಂಡಿರಲಿಲ್ಲ, ಚಕ್ರ ಮೇಲೆ ಕೆಳಗೆ ಆಡಲು ಬೇಕಾದಷ್ಟು ಜಾಗ ಇತ್ತು.

ಕೋಲಾರ_195 (ಕೋಲಾರ):

ಮೇಲಿನವರು ಹೇಳಿದ್ದು ಸರಿ, ಆದರೆ ಟೈರ್ ಬಗ್ಗೆ ಯಾಕೆ ಮಾತಾಡಲಿಲ್ಲ? ಲೆಕ್ಕ ನೋಡಿ. ನಿಮ್ಮ ಹಳೆಯ 16 ಇಂಚಿನ 195/55 ಟೈರ್‌ನ ಪಕ್ಕದ ಗೋಡೆ 107 ಮಿ.ಮೀ., 205/45ರದು 92. ಹದಿನೈದು ಮಿ.ಮೀ. ರಬ್ಬರ್ ಮತ್ತು ಗಾಳಿಯನ್ನು ನೀವೇ ತೆಗೆದು ಹಾಕಿದ್ದೀರಿ. ಗುಂಡಿಗೆ ಮೊದಲು ಬಾಗಬೇಕಾದದ್ದು ಅದೇ. ಮೇಲೆ 17 ಇಂಚಿನ ವೀಲ್ ಭಾರ ಜಾಸ್ತಿ ಇದ್ದರೆ ಆ ಭಾರವನ್ನೂ ಶಾಕೇ ಹಿಡಿಯಬೇಕು. ಗಾಳಿ ಎಷ್ಟು ಹಾಕುತ್ತೀರಿ?

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಗಮನಿಸಿ. ಸುಗ್ಗಿ ಸಮಯದಲ್ಲಿ ನಮ್ಮ ಕಡೆ ರಸ್ತೆ ಮೇಲೆ ರಾಗಿ, ಹುರುಳಿ ಹರಡಿರುತ್ತಾರೆ. ಇಳಿಸಿದ ಕಾರಿನ ಅಡಿಗೆ ಹುರುಳಿ ಸೊಪ್ಪು ಸುತ್ತಿಕೊಂಡು ಸೈಲೆನ್ಸರ್ ಬಿಸಿಗೆ ಬೆಂಕಿ ಹತ್ತಬಹುದು. ನಮ್ಮೂರ ಹತ್ತಿರ ಒಂದು ಕಾರಿನಿಂದ ಹೊಗೆ ಬಂದು ಎಲ್ಲರೂ ಇಳಿದು ಓಡಿದ್ದನ್ನು ಕಣ್ಣಾರೆ ನೋಡಿದ್ದೇನೆ.

ನಂದಿತಪ್ಪಲು:

ಅಣ್ಣಾ, ಗಾಳಿ 38 ಹಾಕುತ್ತಿದ್ದೆ, ವೀಲ್ ಬೆಂಡ್ ಆಗಬಾರದು ಅಂತ. ಕೇಬಲ್ ಟೈ ಕಟ್ಟಿ ನೋಡಿದೆ. ಹಿಂದೆ ಎರಡೂ ಕಡೆ ಬಂಪ್ ಸ್ಟಾಪ್‌ವರೆಗೆ ಹೋಗಿದೆ, ಅದೂ ಮನೆಯಿಂದ ಪೆಟ್ರೋಲ್ ಬಂಕ್‌ಗೆ ಹೋಗಿ ಬರುವಷ್ಟರಲ್ಲಿ!

ಕೋಲಾರ_195:

38 ತುಂಬಾ ಆಯಿತು. ಪೆಟ್ರೋಲ್ ಮುಚ್ಚಳದ ಒಳಗೆ ಅಂಟಿಸಿರುವ ಚೀಟಿ ನೋಡಿ, ಬೆಳಗ್ಗೆ ಟೈರ್ ತಣ್ಣಗಿರುವಾಗ ಅಷ್ಟೇ ಹಾಕಿ. ಆದರೆ ಈ 17ರಲ್ಲಿ ಗಾಳಿ ಇಳಿಸಿದರೆ ಗುಂಡಿಯಲ್ಲಿ ವೀಲ್‌ಗೆ ಏಟು ಬೀಳುತ್ತದೆ. ಅದಕ್ಕೇ 16ಕ್ಕೆ ವಾಪಸ್ ಹೋಗಿ, ಉಳಿಯುವ ದುಡ್ಡಿಗೆ ಒಳ್ಳೆಯ ಟೈರ್ ತಗೊಳ್ಳಿ.

ಸ್ಪ್ಯಾನರ್_ಚಿಂತಾಮಣಿ (ಚಿಂತಾಮಣಿ):

ನಾನು ಗ್ಯಾರೇಜ್ ಕೆಲಸದವನು, ಒಂದೇ ಮಾತು ಸೇರಿಸುತ್ತೇನೆ ಸರ್. ಮುಂದಿನ ಕೆಳಗಿನ ಆರ್ಮ್‌ನ ಬುಷ್ (ಕೀಲಿನಲ್ಲಿರುವ ರಬ್ಬರ್ ತುಂಡು) ನೋಡಿಸಿದ್ದೀರಾ? ಸ್ಪ್ರಿಂಗ್ ಬದಲಾಯಿಸುವಾಗ ಆರ್ಮ್ ಬೋಲ್ಟ್ ಬಿಚ್ಚಿದ್ದರೆ, ಕಾರು ಮೇಲೆ ಎತ್ತಿ ಚಕ್ರ ನೇತಾಡುವಾಗಲೇ ಅದನ್ನು ಬಿಗಿ ಮಾಡುವವರು ಬಹಳ ಜನ. ಹಾಗೆ ಮಾಡಿದರೆ ಕಾರು ನೆಲಕ್ಕೆ ಇಳಿದಾಗ ಬುಷ್‌ನ ರಬ್ಬರ್ ತಿರುಚಿಕೊಂಡೇ ಕೂರುತ್ತದೆ, ಬೇಗ ಹರಿಯುತ್ತದೆ. ಚಕ್ರದ ಮೇಲೆ ಕಾರಿನ ಭಾರ ಇದ್ದಾಗ ಕೊನೆಯ ಬಿಗಿತ ಕೊಡಬೇಕು. ಹಿಂದಿನ ಬೀಮ್, ಅಂದರೆ ಎರಡು ಹಿಂದಿನ ಚಕ್ರಗಳನ್ನು ಜೋಡಿಸುವ ಅಡ್ಡ ತೊಲೆ, ಅದರ ಬುಷ್‌ಗೂ ಇದೇ. ಎಷ್ಟೇ ದುಬಾರಿ ಶಾಕ್ ಹಾಕಿಸಿ, ಬುಷ್ ಹೋಗಿದ್ದರೆ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ಒಂದು ಕಡೆ ಎಳೆಯುತ್ತದೆ. ಗಟ್ಟಿಯಾದ ಪಾಲಿಯುರೆಥೇನ್ ಬುಷ್ ಬೇಡ, ದಿನಾ ಓಡಿಸುವ ಕಾರಿಗೆ ರಬ್ಬರೇ ಸರಿ. ಎಲ್ಲ ಆದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು, ಎತ್ತರ ಬದಲಾದರೆ ಟೋ, ಅಂದರೆ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಬದಲಾಗುತ್ತದೆ.

ದೇವರಾಯನದುರ್ಗ_ಟರ್ಬೊ:

ಸ್ಪ್ಯಾನರ್ ಅಣ್ಣಾ, ಇದು ನನಗೂ ಗೊತ್ತಿರಲಿಲ್ಲ, ತುಂಬಾ ಥ್ಯಾಂಕ್ಸ್. ಹಿಂದಿನ ಆಂಟಿ ರೋಲ್ ಬಾರ್ (ಕಾರು ವಾಲುವುದನ್ನು ತಡೆಯುವ ಅಡ್ಡ ಕಂಬಿ) ಹಾಕಿಸುವ ಬಗ್ಗೆ ಏನಂತೀರಿ? ಮುಂದಿನ ಚಕ್ರ ಎಳೆಯುವ ಕಾರು, ತಿರುವಿನಲ್ಲಿ ಮೂತಿ ಹೊರಗೆ ಹೋಗುವುದು ಕಡಿಮೆ ಆಗುತ್ತದೆ ಅಲ್ವಾ?

ಸ್ಪ್ಯಾನರ್_ಚಿಂತಾಮಣಿ:

ಆಗುತ್ತದೆ ಸರ್. ಆದರೆ ಅದು ಎರಡು ಚಕ್ರಗಳನ್ನು ಕಟ್ಟಿಹಾಕುತ್ತದೆ. ಎಡಗಡೆ ಗುಂಡಿ ಸಿಕ್ಕರೆ ಬಲಗಡೆಗೂ ಏಟು, ಕೂತವರ ತಲೆ ಆ ಕಡೆ ಈ ಕಡೆ ಅಲ್ಲಾಡುತ್ತದೆ. ಮಳೆಯಲ್ಲಿ ಹಿಂಭಾಗ ಜಾರುವುದೂ ಬೇಗ. ಮೊದಲು ಶಾಕ್ ಹಾಕಿಸಿ ಎರಡು ಸಾವಿರ ಕಿ.ಮೀ. ಓಡಿಸಲಿ, ಆಮೇಲೂ ಬೇಕು ಅನಿಸಿದರೆ ನೋಡೋಣ.

ನಂದಿತಪ್ಪಲು (ಐದು ವಾರದ ನಂತರ):

ಎಲ್ಲ ಮುಗಿಯಿತು. ಕಂಪನಿ ಎತ್ತರದ ಸ್ಪ್ರಿಂಗ್, ಬಿ6 ಶಾಕ್, ಹೊಸ ಬಂಪ್ ಸ್ಟಾಪ್, ಮುಂದೆ ಹೊಸ ಬುಷ್, 16 ಇಂಚಿನ ವೀಲ್. ಬೋಲ್ಟ್ ಕೊನೆಗೆ ಬಿಗಿ ಮಾಡುವಾಗ ಪಕ್ಕದಲ್ಲೇ ನಿಂತಿದ್ದೆ, ಕಾರಿನ ಭಾರ ಚಕ್ರದ ಮೇಲೆ ಇಟ್ಟೇ ಮಾಡಿಸಿದೆ. ಮೊದಲ ದಿನ ಸ್ವಲ್ಪ ನಿರಾಸೆ ಆಗಿದ್ದು ನಿಜ, ಕಾರು ಎತ್ತರ ಕಾಣುತ್ತಿತ್ತು, ಸ್ಟೀರಿಂಗ್ ತಿರುಗಿಸಿದಾಗ ಮೊದಲಿನಷ್ಟು ಚುರುಕು ಅನಿಸಲಿಲ್ಲ. ನಂದಿಗೆ ಹೋದ ಮೇಲೆ ಅರ್ಥ ಆಯಿತು. ಅದೇ ತಿರುವು, ಅದೇ ಉಬ್ಬು. ಕಾರು ಸ್ವಲ್ಪ ವಾಲಿತು, ಉಬ್ಬಿನ ಮೇಲೆ ಒಂದು ಸಲ ಎದ್ದು ಕೂತಿತು, ನಾನು ಸ್ಟೀರಿಂಗ್ ಸರಿ ಮಾಡಬೇಕಾಗಿ ಬರಲೇ ಇಲ್ಲ. ಹೋದ ವಾರ ಅಮ್ಮನನ್ನು ಶಿಡ್ಲಘಟ್ಟಕ್ಕೆ ಕರೆದುಕೊಂಡು ಹೋಗಿದ್ದೆ, ದಾರಿಯಲ್ಲಿ ನಿದ್ದೆ ಮಾಡಿದರು.

ಒಂದೇ ಉಳಿದಿದೆ. ನಿಧಾನವಾಗಿ ಹಂಪ್ ದಾಟುವಾಗ ಮುಂದೆ ಎಡಗಡೆ ಟಕ್ ಟಕ್ ಅನ್ನುತ್ತದೆ. ಜೋರಾಗಿ ಹೋಗುವಾಗ ಇಲ್ಲ.

ಸ್ಪ್ಯಾನರ್_ಚಿಂತಾಮಣಿ:

ಲಿಂಕ್ ರಾಡ್ (ಆಂಟಿ ರೋಲ್ ಬಾರನ್ನು ಸ್ಟ್ರಟ್‌ಗೆ ಜೋಡಿಸುವ ಕಡ್ಡಿ) ಇರಬೇಕು ಸರ್. ಮೊದಲು ನಟ್ ಬಿಗಿ ಇದೆಯಾ ನೋಡಿಸಿ, ಆಮೇಲೆ ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಆಟ (ಸಡಿಲ) ಇದ್ದರೆ ಎರಡೂ ಕಡೆ ಜೊತೆಗೇ ಬದಲಾಯಿಸಿ. ಅದೂ ಅಲ್ಲ ಅಂದರೆ ಸ್ಟ್ರಟ್ ಮೇಲಿನ ಮೌಂಟ್. ಹಳೆಯದನ್ನೇ ವಾಪಸ್ ಹಾಕಿದ್ದಾರಾ ಅಂತ ಬಿಲ್‌ನಲ್ಲಿ ನೋಡಿ ಹೇಳಿ.