ಇಂಗ್ಲೆಂಡಿನ ಆಮ್ಸ್‌ಹೌಸ್‌ಗಳಲ್ಲಿ ಅಷ್ಟೊಂದು ಚಿಮಣಿ ಯಾಕೆ?

ಪ್ರಶ್ನೆ: ಬಡ ವೃದ್ಧರಿಗಾಗಿ ಕಟ್ಟಿಸಿದ ಹಳೆಯ ಆಮ್ಸ್‌ಹೌಸ್‌ಗಳ ಚಿತ್ರಗಳಲ್ಲಿ ಎತ್ತರದ ಚಿಮಣಿಗಳು ಸಾಲಾಗಿ ಕಾಣುತ್ತವೆ. ಬರೀ ಅಲಂಕಾರವೇ? ಅಂಗಳದ ಸುತ್ತ ಕಟ್ಟುವ ಪದ್ಧತಿ ಮೊದಲಿನಿಂದಲೂ ಇತ್ತೇ?

ಉತ್ತರ 1: ಅಲಂಕಾರವಲ್ಲ. ಒಬ್ಬೊಬ್ಬರಿಗೂ ಸ್ವಂತ ಒಲೆ, ಹಾಗಾಗಿ ಹೊಗೆಗೂ ಬೇರೆ ದಾರಿ. ವಿಂಚೆಸ್ಟರಿನ ಸೇಂಟ್ ಕ್ರಾಸ್ ಆಮ್ಸ್‌ಹೌಸ್‌ನಲ್ಲಿ 15ನೇ ಶತಮಾನದ ವಸತಿ ಸಾಲು ನೋಡಿ: ಒಂದು ಬಾಗಿಲು, ಒಂದು ಮೆಟ್ಟಿಲಸಾಲು, ಅದಕ್ಕೆ ಕೆಳಗೆರಡು ಮೇಲೆರಡು ಮನೆ. ಚಿಮಣಿ ಎಣಿಸಿದರೆ ಒಳಗಿನ ನಕ್ಷೆ ಅರ್ಧ ಗೊತ್ತಾದಂತೆ.

ಉತ್ತರ 2: ಅಂಗಳ ಮೊದಲಿನಿಂದಲೂ ಇರಲಿಲ್ಲ. ಚಿಚೆಸ್ಟರಿನ ಸೇಂಟ್ ಮೇರೀಸ್ ಆಮ್ಸ್‌ಹೌಸ್‌ನಲ್ಲಿ ಹಳೆಯ ಮಾದರಿ ಉಳಿದಿದೆ. ಒಂದೇ ಉದ್ದ ಹಜಾರ, ಪೂರ್ವದ ತುದಿಯಲ್ಲಿ ಪ್ರಾರ್ಥನಾಲಯ. ಹಾಸಿಗೆಯಿಂದಲೇ ಪೂಜೆ ಕೇಳಿಸಲಿ ಎಂದು. ಮುಂದೆ ಹಜಾರದ ಎರಡೂ ಪಕ್ಕಗಳಲ್ಲಿ ಪುಟ್ಟ ಮನೆಗಳನ್ನು ಕಟ್ಟಿ, 17ನೇ ಶತಮಾನದಲ್ಲಿ ಇಟ್ಟಿಗೆ ಚಿಮಣಿಗಳನ್ನು ಚಾವಣಿ ತೂರಿಸಿದರು. 1437ರಲ್ಲಿ ಸ್ಥಾಪನೆಯಾದ ಯೂಎಲ್ಮ್ ಊರಿನ ಆಮ್ಸ್‌ಹೌಸ್‌ನಲ್ಲಾದರೋ 13 ಬಡವರಿಗೆ ಮನೆಗಳನ್ನು ಅಂಗಳದ ಸುತ್ತ ಕಟ್ಟಿದರು.

ಉತ್ತರ 3: ದುರಸ್ತಿಯ ಒಂದು ಮಾತು. ಇಂಥ ಗೋಡೆಗಳ ದೊಡ್ಡ ಶತ್ರು ಸಿಮೆಂಟ್. ಇಟ್ಟಿಗೆಗಳ ನಡುವೆ ಸುಣ್ಣದ ಗಾರೆ ತುಂಬಿದ ಸಂದಿನಿಂದ ತೇವ ಹೊರಹೋಗುತ್ತದೆ. ಸಿಮೆಂಟ್ ತುಂಬಿದರೆ ಆ ತೇವ ಮೆತ್ತಗಿನ ಇಟ್ಟಿಗೆಯಲ್ಲೇ ನಿಂತು, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿ, ಇಟ್ಟಿಗೆಯ ಮುಖವನ್ನೇ ಉದುರಿಸುತ್ತದೆ. ಚಿಮಣಿಗೆ ಮಳೆ ನಾಲ್ಕೂ ಕಡೆಯಿಂದ, ಅಲ್ಲೇ ಮೊದಲು ಹಾಳು. ಸಂದನ್ನು ಅಗಲದ ಎರಡು ಪಟ್ಟು ಆಳಕ್ಕೆ ಕೈ ಉಳಿಯಿಂದ ಕೆರೆಯಿರಿ (ಗ್ರೈಂಡರ್ ಇಟ್ಟಿಗೆಯ ಅಂಚು ತಿನ್ನುತ್ತದೆ), ನೀರು ಚಿಮುಕಿಸಿ, ಸುಣ್ಣದ ಗಾರೆ ಒತ್ತಿ ತುಂಬಿ, ಒದ್ದೆ ಗೋಣಿ ಹೊದಿಸಿ. 5 ಡಿಗ್ರಿಗಿಂತ ಕೆಳಗೆ ಮಾಡಬೇಡಿ. ಸಂರಕ್ಷಿತ ಪಟ್ಟಿಯಲ್ಲಿದ್ದರೆ ಮೊದಲು ಸ್ಥಳೀಯ ಕೌನ್ಸಿಲ್‌ನಲ್ಲಿ ಅನುಮತಿಯ ಬಗ್ಗೆ ವಿಚಾರಿಸಿ.