ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಏರುತ್ತಿದೆ, ಖುಷಿ ಪಡಬಹುದಾ?

ಗ್ಯಾರೇಜ್ ಮೇಷ್ಟ್ರು: ಎಲ್ಲರಿಗೂ ನಮಸ್ಕಾರ. ಇವತ್ತು ಗ್ಯಾರೇಜಿಗೆ ರಜಾ. ಊಟದ ಹೊತ್ತಿನವರೆಗೆ ಇರುತ್ತೇನೆ. ಎಂಜಿನ್ ಆಯಿಲ್ ಬಗ್ಗೆ ಏನಿದ್ದರೂ ಕೇಳಿ. ಮೈಲೇಜು, ಇನ್ಶೂರೆನ್ಸು ಬೇಡ.

ಬಿಳಿ ವ್ಯಾಗನ್ಆರ್: ಸರ್, ಆಯಿಲ್ ಅಳೆಯುವ ಕಡ್ಡಿ, ಅದೇ ಡಿಪ್‌ಸ್ಟಿಕ್, ಒಂದು ಸಲ ಫುಲ್ ತೋರಿಸುತ್ತೆ, ಇನ್ನೊಂದು ಸಲ ಅರ್ಧ. ಯಾವುದನ್ನು ನಂಬಲಿ?

ಗ್ಯಾರೇಜ್ ಮೇಷ್ಟ್ರು: ಬೇಸ್‌ಮೆಂಟಿನ ಇಳಿಜಾರಿನಲ್ಲಿ ನಿಲ್ಲಿಸಿ ನೋಡುತ್ತಿದ್ದೀರಿ ಅಲ್ವಾ? ಸಮತಟ್ಟಾದ ಜಾಗಕ್ಕೆ ತನ್ನಿ. ಓಡಿಸಿ ಬಂದ ಮೇಲೆ ಎಂಜಿನ್ ಆಫ್ ಮಾಡಿ 5-10 ನಿಮಿಷ ಬಿಡಿ, ಮೇಲಿರುವ ಆಯಿಲ್ ಸಂಪಿಗೆ, ಅಂದರೆ ಎಂಜಿನ್ ಕೆಳಗಿನ ಆಯಿಲ್ ತೊಟ್ಟಿಗೆ, ಇಳಿಯಲಿ. ಕಡ್ಡಿ ಎಳೆದು ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ಎಳೆಯಿರಿ. ಮೊದಲ ಸಲ ಕಂಡದ್ದು ಲೆಕ್ಕಕ್ಕಿಲ್ಲ. ಎರಡು ಗುರುತಿನ ನಡುವೆ ಇದ್ದರೆ ಬಾನೆಟ್ ಮುಚ್ಚಿ ಕೆಲಸ ನೋಡಿಕೊಳ್ಳಿ.

ತುಮಕೂರು ಪೆಟ್ರೋಲ್: ಎಷ್ಟು ಕಿ.ಮೀ.ಗೆ ಆಯಿಲ್ ಬದಲಿಸಬೇಕು ಸರ್?

ಗ್ಯಾರೇಜ್ ಮೇಷ್ಟ್ರು: ಈಗಿನ ಹೆಚ್ಚಿನ ಪೆಟ್ರೋಲ್ ಕಾರುಗಳಿಗೆ 10,000 ಕಿ.ಮೀ. ಅಥವಾ 1 ವರ್ಷ, ಯಾವುದು ಮೊದಲೋ ಅದು. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಬೇರೆ ಇದ್ದರೆ ಪುಸ್ತಕದ ಮಾತೇ ಕೊನೆ.

ಹಳೇ ಇಂಡಿಕಾ: ಗೇರ್ ಬಾಕ್ಸ್ ಆಯಿಲ್ ಯಾವಾಗ ಬದಲಿಸಬೇಕು?

ಶಿರಾಡಿ ಸವಾರ: ಮೇಷ್ಟ್ರೇ, ಶಿರಾಡಿ ಘಾಟಿಯ ತಿರುವುಗಳಲ್ಲಿ ಕೆಂಪು ಆಯಿಲ್ ದೀಪ ಒಂದು ಕ್ಷಣ ಹತ್ತಿ ಆರಿತು. ನೇರ ರಸ್ತೆಯಲ್ಲಿ ಏನಿಲ್ಲ. ಸೆನ್ಸರ್ ಹೋಗಿರಬಹುದಾ?

ಗ್ಯಾರೇಜ್ ಮೇಷ್ಟ್ರು: ಮೊದಲು ಆಯಿಲ್ ನೋಡಿ, ಸೆನ್ಸರ್ ಆಮೇಲೆ. ಆಯಿಲ್ ಕಡಿಮೆ ಇದ್ದರೆ ತಿರುವಿನಲ್ಲಿ ಇರುವಷ್ಟೂ ಒಂದು ಮೂಲೆಗೆ ಹರಿಯುತ್ತದೆ, ಪಂಪ್ ಗಾಳಿ ಎಳೆಯುತ್ತದೆ. ಆ ದೀಪ ಹೇಳುವುದು ಪ್ರೆಶರ್ ಇಲ್ಲ ಅಂತ. ಅದು ಹತ್ತುವವರೆಗೆ ಕಾದರೆ ತಡವಾಗಿರುತ್ತದೆ. ಮತ್ತೆ ಹತ್ತಿದರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. "ಮಾರನಹಳ್ಳಿ ತನಕ ಹೋಗಿ ನೋಡೋಣ" ಅನ್ನಬೇಡಿ.

ಸಿಲ್ಕ್ ಬೋರ್ಡ್ ಡೀಸೆಲ್: ನಮಸ್ತೆ ಸರ್. ನನ್ನದು 2021ರ ಡೀಸೆಲ್ ಎಸ್‌ಯುವಿ. ಎಲ್ಲರ ಕಾರಿನಲ್ಲಿ ಆಯಿಲ್ ಇಳಿಯುತ್ತದೆ, ನನ್ನದರಲ್ಲಿ ಏರುತ್ತಿದೆ! ಸರ್ವಿಸ್ ಆಗಿ 4 ತಿಂಗಳಾಯಿತು. ಆಗ ಮ್ಯಾಕ್ಸ್ ಗುರುತಿನಲ್ಲಿತ್ತು, ಈಗ ಅದಕ್ಕಿಂತ ಒಂದು ಬೆರಳು ಮೇಲೆ. ಟಾಪ್-ಅಪ್ ದುಡ್ಡು ಉಳಿಯಿತು ಅಂದುಕೊಳ್ಳಲಾ? 😀

ಗ್ಯಾರೇಜ್ ಮೇಷ್ಟ್ರು: ನಗಬೇಡಿ. ಮೂರು ವಿಷಯ ಹೇಳಿ. ದಿನಾ ಎಷ್ಟು ದೂರ ಓಡಿಸುತ್ತೀರಿ? ಡಿಪಿಎಫ್ ದೀಪ ಯಾವತ್ತಾದರೂ ಹತ್ತಿತ್ತಾ? ಕಡ್ಡಿ ಮೂಸಿ ನೋಡಿ, ಡೀಸೆಲ್ ವಾಸನೆ ಇದೆಯಾ?

ಸೀಮೆಎಣ್ಣೆ ಮಾವ: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ ಆಗಲಿ 🙏 ಆಯಿಲ್ ಚೇಂಜಿಗೆ ಮುಂಚೆ ಅರ್ಧ ಲೀಟರ್ ಸೀಮೆಎಣ್ಣೆ ಹಾಕಿ 10 ನಿಮಿಷ ಎಂಜಿನ್ ಓಡಿಸಿ. ಒಳಗಿನ ಕೊಳೆ ಎಲ್ಲಾ ಹೊರಗೆ. ಎಂಜಿನ್ ಹೊಸದರಂತೆ.

ಗ್ಯಾರೇಜ್ ಮೇಷ್ಟ್ರು: ದಯವಿಟ್ಟು ಯಾರೂ ಮಾಡಬೇಡಿ. ಸೀಮೆಎಣ್ಣೆ ಸೇರಿದರೆ ಆಯಿಲ್ ನೀರಾಗುತ್ತದೆ, ಬೇರಿಂಗು ಒಣಗಿ ತಿರುಗುತ್ತದೆ. ಹಳೇ ಎಂಜಿನ್ನಿನ ಕೊಳೆ ದಪ್ಪ ದಪ್ಪವಾಗಿ ಕಿತ್ತು ಬಂದು ಪಂಪಿನ ಜಾಲರಿಗೆ ಕೂರುತ್ತದೆ. ಆಮೇಲೆ ಎಂಜಿನ್ ಬಿಚ್ಚುವುದು ನಾನು, ದುಡ್ಡು ನಿಮ್ಮದು.

ಸೀಮೆಎಣ್ಣೆ ಮಾವ: ನಮ್ಮ ಕಾಲದಲ್ಲಿ ಅಂಬಾಸಿಡರಿಗೆ ಹೀಗೇ ಮಾಡುತ್ತಿದ್ದೆವು. ಏನೂ ಆಗಲಿಲ್ಲ.

ಫುಲ್ ಸಿಂಥೆಟಿಕ್: ಅಂಕಲ್, ಅಂಬಾಸಿಡರಿಗೆ ಏನು ಮಾಡಿದರೂ ಆಗುತ್ತಿರಲಿಲ್ಲ. ಸಿಂಥೆಟಿಕ್ ಆಯಿಲ್ ಹಾಕಿದರೆ ಕೊಳೆ ಕೂರುವುದೇ ಕಡಿಮೆ.

ಮಿನರಲ್ ಸಾಕು: ಸಿಂಥೆಟಿಕ್ ಅನ್ನುವುದು ಬರೀ ಡಬ್ಬಿಯ ಮೇಲಿನ ಬಣ್ಣ. ನನ್ನ ಕಾರು 1.6 ಲಕ್ಷ ಕಿ.ಮೀ. ಮಾಮೂಲಿ ಮಿನರಲ್ ಆಯಿಲ್‌ನಲ್ಲೇ ಓಡಿದೆ.

ಫುಲ್ ಸಿಂಥೆಟಿಕ್: ಹೊಗೆ ಬಿಟ್ಟುಕೊಂಡು ಓಡಿದೆ ಅಂತ ಸೇರಿಸಿ.

ಮಿನರಲ್ ಸಾಕು: ನೀನು ನೋಡಿದ್ದೀಯಾ? ಮರ್ಯಾದೆಯಾಗಿ ಮಾತಾಡು.

ಸಿಲ್ಕ್ ಬೋರ್ಡ್ ಡೀಸೆಲ್: ಸರ್, ಆಫೀಸಿಗೆ ಬರೀ 4 ಕಿ.ಮೀ. ಸಿಗ್ನಲ್ಲಿನಲ್ಲೇ ಅರ್ಧ ಗಂಟೆ. ದೀಪ ಎರಡು ಸಲ ಬಂದಿತ್ತು, ತಾನೇ ಹೋಯಿತು. ವಾಸನೆ... ಹೌದು ಸರ್, ಬಂಕ್ ವಾಸನೆ.

ಗ್ಯಾರೇಜ್ ಮೇಷ್ಟ್ರು: ನಿಮ್ಮ ಸಂಪಿಗೆ ಡೀಸೆಲ್ ಇಳಿಯುತ್ತಿದೆ. ಏರಿರುವುದು ಆಯಿಲ್ ಅಲ್ಲ.
ಬಿಎಸ್6 ಹೊಗೆ ನಿಯಮದ ಡೀಸೆಲ್ ಕಾರಿನ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಅದೇ ಡಿಪಿಎಫ್. ಮಸಿ ತುಂಬಿದಾಗ ಕಾರು ತಾನೇ ಅದನ್ನು ಸುಡುತ್ತದೆ. ಅದಕ್ಕೆ ಸುಮಾರು 600 ಡಿಗ್ರಿ ಶಾಖ ಬೇಕು. ಶಾಖಕ್ಕಾಗಿ ಎಷ್ಟೋ ಕಾರುಗಳು ಸಿಲಿಂಡರಿಗೇ ತಡವಾಗಿ ಸ್ವಲ್ಪ ಹೆಚ್ಚು ಡೀಸೆಲ್ ಹೊಡೆಯುತ್ತವೆ. ಅದರಲ್ಲಿ ಒಂದಿಷ್ಟು ಸಿಲಿಂಡರಿನ ಗೋಡೆ ಹಿಡಿದು ಕೆಳಗಿಳಿದು ಆಯಿಲ್‌ಗೆ ಸೇರುತ್ತದೆ. ಹೈವೇಯಲ್ಲಿ ಒಂದೇ ವೇಗದಲ್ಲಿ 15-20 ನಿಮಿಷ ಓಡಿದರೆ ಸುಡುವ ಕೆಲಸ ಮುಗಿಯುತ್ತದೆ. ನೀವು ಅರ್ಧದಲ್ಲೇ ಆಫೀಸ್ ತಲುಪಿ ಕೀ ತೆಗೆಯುತ್ತೀರಿ. ಸಂಜೆ ಮತ್ತೆ ಶುರು, ಮತ್ತೆ ಅರ್ಧಕ್ಕೆ ನಿಲ್ಲುವುದು. ಪ್ರತಿ ಸಲವೂ ಸ್ವಲ್ಪ ಡೀಸೆಲ್ ಕೆಳಗೆ. ಇಂಜೆಕ್ಟರ್ ಸೋರಿದರೂ ಹೀಗಾಗುತ್ತದೆ, ಅದನ್ನೂ ನೋಡಿಸಬೇಕು.
ತೆಳುವಾದ ಆಯಿಲ್ ಟರ್ಬೋ ತಿನ್ನುತ್ತದೆ, ಬೇರಿಂಗ್ ತಿನ್ನುತ್ತದೆ. ಇನ್ನೂ ಏರಿದರೆ ಎಂಜಿನ್ ಆ ಆಯಿಲನ್ನೇ ಎಳೆದು ಉರಿಸಲು ಶುರು ಮಾಡಬಹುದು. ಒಮ್ಮೆ ನಮ್ಮ ಗ್ಯಾರೇಜಿನಲ್ಲೇ ಹಾಗಾಯಿತು. ಕೀ ತೆಗೆದು ಕೈಯಲ್ಲಿ ಹಿಡಿದಿದ್ದೇನೆ, ಎಂಜಿನ್ ಕಿರುಚುತ್ತಾ ಓಡುತ್ತಲೇ ಇದೆ, ಬೀದಿಯೆಲ್ಲಾ ಬಿಳಿ ಹೊಗೆ. ಟಾಪ್ ಗೇರ್ ಹಾಕಿ, ಬ್ರೇಕ್ ತುಳಿದು, ಕ್ಲಚ್ ಬಿಟ್ಟಾಗ ನಿಂತಿತು. ಆಟೋಮ್ಯಾಟಿಕ್ ಆಗಿದ್ದರೆ ಏನು ಮಾಡುತ್ತಿದ್ದೆನೋ.
ಕಾರು ಓಡಿಸಬೇಡಿ. ಟೋ ಮಾಡಿಸಿ, ಆಯಿಲ್ ಮತ್ತು ಆಯಿಲ್ ಫಿಲ್ಟರ್ ಎರಡೂ ಬದಲಿಸಿ. ಡಿಪಿಎಫ್ ಇರುವ ಗಾಡಿಗೆ ಉರಿದಾಗ ಕಡಿಮೆ ಬೂದಿ ಬಿಡುವ ಆಯಿಲೇ ಬೇಕು. ಡಬ್ಬಿಯ ಮೇಲೆ ಸಿ2, ಸಿ3 ಅಂತ ಇರುತ್ತದೆ. ನಿಮ್ಮ ಪುಸ್ತಕದಲ್ಲಿ ಯಾವುದಿದೆಯೋ ಅದೇ.

ಸೀಮೆಎಣ್ಣೆ ಮಾವ: ಅಷ್ಟಕ್ಕೆಲ್ಲಾ ಟೋ ಯಾಕೆ? ದೊಡ್ಡ ಸಿರಿಂಜಿಗೆ ಪೈಪ್ ಸಿಕ್ಕಿಸಿ, ಹೆಚ್ಚಾದದ್ದನ್ನು ಎಳೆದು ಹಾಕಿದರೆ ಆಯಿತು.

ಗ್ಯಾರೇಜ್ ಮೇಷ್ಟ್ರು: ಸ್ವಾಮಿ, ಹಾಲಿಗೆ ನೀರು ಬಿದ್ದ ಮೇಲೆ ಒಂದು ಲೋಟ ಎತ್ತಿ ಚೆಲ್ಲಿದರೆ ಉಳಿದದ್ದು ಗಟ್ಟಿ ಹಾಲಾಗುತ್ತದಾ?

ಮೈಸೂರು ಐ20: ಎಷ್ಟು ಕಿ.ಮೀ.ಗೆ ಆಯಿಲ್ ಬದಲಿಸಬೇಕು?

ಗ್ಯಾರೇಜ್ ಮೇಷ್ಟ್ರು: ಮೇಲೆ ಬರೆದಿದ್ದೇನೆ.

ಹೊಸ ಕ್ರೆಟಾ: ಡೀಸೆಲ್ ಸರ್, ಸರ್ವಿಸ್ ಆಗಿ 500 ಕಿ.ಮೀ.ಗೇ ಆಯಿಲ್ ಕಪ್ಪಾಗಿದೆ. ಹಳೆಯದನ್ನೇ ಬಿಟ್ಟು ಮೋಸ ಮಾಡಿದರಾ?

ಗ್ಯಾರೇಜ್ ಮೇಷ್ಟ್ರು: ಡೀಸೆಲ್‌ನಲ್ಲಿ ಸಹಜ. ಮಸಿಯನ್ನು ಹಿಡಿದಿಟ್ಟುಕೊಳ್ಳುವುದೇ ಆಯಿಲಿನ ಕೆಲಸ. ಬಣ್ಣ ನೋಡಿ ತೀರ್ಪು ಕೊಡಬೇಡಿ. ಕಾಫಿಗೆ ಹಾಲು ಹಾಕಿದ ಬಣ್ಣ ಬಂದರೆ ಮಾತ್ರ ಓಡಿ ಬನ್ನಿ, ನೀರು ಸೇರಿರುತ್ತದೆ.

ಮಿನರಲ್ ಸಾಕು: ಕಂಪನಿ ಸರ್ವಿಸಿನವರು ಹಳೆಯದನ್ನು ಬಿಟ್ಟರೂ ಬಿಟ್ಟರೇ. ಎದುರಿಗೆ ನಿಂತು ಮಾಡಿಸಿ.

ಫುಲ್ ಸಿಂಥೆಟಿಕ್: ಬೀದಿ ಗ್ಯಾರೇಜಿನಲ್ಲಿ ಡಬ್ಬಿಯೇ ಡುಪ್ಲಿಕೇಟು, ಎದುರಿಗೆ ನಿಂತು ಏನು ನೋಡುತ್ತೀರಿ?

ಗ್ಯಾರೇಜ್ ಮೇಷ್ಟ್ರು: ನನ್ನದೂ ಬೀದಿ ಗ್ಯಾರೇಜೇ. ಮುಂದುವರಿಸಿ.

ಫುಲ್ ಸಿಂಥೆಟಿಕ್: ನಿಮಗೆ ಹೇಳಿದ್ದಲ್ಲ ಸರ್ 🙏

ಪಲ್ಸರ್ ತಮ್ಮ: ಅಣ್ಣ, ಕಾರಿಗೆ ತಂದ ಆಯಿಲ್ ಉಳಿದಿದೆ. ಬೈಕಿಗೆ ಹಾಕಲಾ?

ಗ್ಯಾರೇಜ್ ಮೇಷ್ಟ್ರು: ಬೇಡ. ಬೈಕಿನ ಕ್ಲಚ್ ಎಂಜಿನ್ ಆಯಿಲಿನಲ್ಲೇ ಮುಳುಗಿರುತ್ತದೆ, ಕಾರಿನದು ಹಾಕಿದರೆ ಜಾರಬಹುದು. ಡಬ್ಬಿಯ ಮೇಲೆ ಜಾಸೋ ಎಂಎ ಅಂತ ಬರೆದ ಬೈಕ್ ಆಯಿಲ್ ತಗೋ.

ಬಿಳಿ ವ್ಯಾಗನ್ಆರ್: ನಾನೇ ಮನೆಯಲ್ಲಿ ಬದಲಿಸಬಹುದಾ ಸರ್?

ಗ್ಯಾರೇಜ್ ಮೇಷ್ಟ್ರು: ಮಾಡಬಹುದು. ಆದರೆ ಬರೀ ಜಾಕಿ ನಂಬಿ ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಕೊಡಿ. ಎಂಜಿನ್ ಬೆಚ್ಚಗಿರಲಿ, ಸುಡುವಷ್ಟು ಬೇಡ. ಡ್ರೈನ್ ಬೋಲ್ಟಿಗೆ ಹೊಸ ವಾಷರ್. ಫಿಲ್ಟರಿನ ರಬ್ಬರಿಗೆ ಹೊಸ ಆಯಿಲ್ ಸವರಿ ಕೈಯಲ್ಲೇ ಬಿಗಿ ಮಾಡಿ. ಹಳೇ ಫಿಲ್ಟರಿನ ರಬ್ಬರ್ ಕೆಲವೊಮ್ಮೆ ಎಂಜಿನ್ನಿಗೇ ಅಂಟಿಕೊಂಡಿರುತ್ತದೆ, ಅದನ್ನು ನೋಡದೆ ಹೊಸದು ಹಾಕಿದರೆ ಎಲ್ಲಾ ಸೋರಿಹೋಗುತ್ತದೆ. ಹಳೇ ಆಯಿಲನ್ನು ಮೋರಿಗೆ ಸುರಿಯಬೇಡಿ.

ತೋಟದ ಬೊಲೆರೊ: ನಾವು ಗೆದ್ದಲಿಗೆ ಬೇಲಿ ಕಂಬಕ್ಕೆ ಬಳಿಯುತ್ತೇವೆ.

ಫುಲ್ ಸಿಂಥೆಟಿಕ್: ಬಾವಿಗೂ ಇಳಿಯಲಿ ಬಿಡಿ.

ತೋಟದ ಬೊಲೆರೊ: ಬೆಂಗಳೂರಿನವರು ಕೆರೆ ನೊರೆ ಮೊದಲು ನೋಡಿಕೊಳ್ಳಿ.

ಹಾಸನ ಬಲೆನೊ: ಎಷ್ಟು ಕಿ.ಮೀ.ಗೆ ಚೇಂಜ್ ಮಾಡಬೇಕು ಸರ್?

ಗ್ಯಾರೇಜ್ ಮೇಷ್ಟ್ರು: ಮೇಲೆ.

ಹಳೇ ಇಂಡಿಕಾ: ನನ್ನ ಗೇರ್ ಬಾಕ್ಸ್ ಪ್ರಶ್ನೆ...

ಶಿರಾಡಿ ಸವಾರ: ಮೇಷ್ಟ್ರೇ, ನೋಡಿದೆ. ಕಡ್ಡಿಯ ತುದಿಗೂ ಆಯಿಲ್ ತಾಗಲಿಲ್ಲ.

ಗ್ಯಾರೇಜ್ ಮೇಷ್ಟ್ರು: ಈಗಲೇ ಹಾಕಿ. ಅರ್ಧರ್ಧ ಲೀಟರ್ ಹಾಕುತ್ತಾ ಅಳೆಯಿರಿ. ಇನ್ನು ವಾರಕ್ಕೊಮ್ಮೆ ನೋಡಿ ಬರೆದಿಡಿ. ಸೋರುತ್ತಿದೆಯೋ ಕುಡಿಯುತ್ತಿದೆಯೋ ಗೊತ್ತಾಗಲಿ.

ಸಿಲ್ಕ್ ಬೋರ್ಡ್ ಡೀಸೆಲ್: ಸರ್, ಟೋ ಮಾಡಿಸಿ ಆಯಿಲ್ ಇಳಿಸಿದೆವು. ಹಾಕಿದ್ದಕ್ಕಿಂತ ಮುಕ್ಕಾಲು ಲೀಟರ್ ಜಾಸ್ತಿ ಬಂತು. ನೀರಿನ ಹಾಗೆ ಸುರಿಯಿತು. ಈಗ ಹೊಸದು ಹಾಕಿದ್ದಾರೆ.

ಗ್ಯಾರೇಜ್ ಮೇಷ್ಟ್ರು: ಫಿಲ್ಟರ್?

ಸಿಲ್ಕ್ ಬೋರ್ಡ್ ಡೀಸೆಲ್: ಸ್ಟಾಕ್ ಇಲ್ಲವಂತೆ. ಮುಂದಿನ ಸಲ ಹಾಕೋಣ ಅಂದರು.

ಗ್ಯಾರೇಜ್ ಮೇಷ್ಟ್ರು: ಕಾರು ಅಲ್ಲೇ ಇರಲಿ. ಫಿಲ್ಟರ್ ತರಿಸಿ ಹಾಕಿಸಿದ ಮೇಲೆ ಸ್ಟಾರ್ಟ್ ಮಾಡಿ. ನನಗೆ ಊಟಕ್ಕೆ ಕರೆಯುತ್ತಿದ್ದಾರೆ.

ಹಳೇ ಇಂಡಿಕಾ: ಸರ್, ಗೇರ್ ಬಾಕ್ಸ್?