ದುಃಖ ಇಲ್ಲ, ಆದ್ರೂ ಒಳಗೆಲ್ಲಾ ಖಾಲಿ ಖಾಲಿ

ಉಣಕಲ್ ಹುಡುಗ:
ವಯಸ್ಸು 29, ಹುಬ್ಬಳ್ಳಿ. ಕೆಲಸ ಇದೆ, ಸಾಲ ಇಲ್ಲ, ಮನೆಯಲ್ಲಿ ಜಗಳವೂ ಇಲ್ಲ. ಆದ್ರೂ ದೀಪಾವಳಿ ಆದಾಗಿನಿಂದ ಒಳಗೆ ಏನೂ ಇಲ್ಲ ಅನಿಸುತ್ತೆ. ಅಳುವೂ ಬರಲ್ಲ, ನಗುವೂ ಬರಲ್ಲ. ಮೊನ್ನೆ ತಂಗಿ ಮದುವೆ ನಿಶ್ಚಯ ಆಯ್ತು, ಎಲ್ಲರೂ ಕುಣಿದಾಡುತ್ತಿದ್ದರು, ನಾನು ಪೇಡೆ ಕೈಯಲ್ಲಿ ಹಿಡಿದು ಈಗ ಖುಷಿ ಆಗಬೇಕಲ್ವಾ ಅಂತ ಯೋಚಿಸುತ್ತಾ ನಿಂತಿದ್ದೆ. ಅವ್ವ ದೃಷ್ಟಿ ತಾಗಿದೆ ಅಂತಾಳೆ. ಇದು ರೋಗಾನಾ, ಸೋಮಾರಿತನಾನಾ?

ಗಿರ್ಮಿಟ್:
ಎರಡು ದಿನ ಗೋವಾಕ್ಕೆ ಹೋಗಿ ಬಾ ದೋಸ್ತ. ಎಲ್ಲಾ ಸರಿ ಹೋಗುತ್ತೆ.

ಸಾಧನಕೇರಿ ಅಕ್ಕ:
ಗೋವಾಕ್ಕೆ ಹೋದ್ರೆ ಅಲ್ಲೂ ಹೀಗೇ ಕೂತಿರ್ತಾನೆ, ದುಡ್ಡು ದಂಡ. ತಮ್ಮಾ, ಖಿನ್ನತೆ ಅಂದ್ರೆ ಅಳುತ್ತಾ ಕೂರೋದು ಮಾತ್ರ ಅಲ್ಲ. ಮೊದಲು ಇಷ್ಟವಾಗ್ತಿದ್ದದ್ದು ಯಾವುದೂ ರುಚಿಸದೆ ಹೋಗೋದೂ ಅದರ ಮುಖ್ಯ ಲಕ್ಷಣ. ಎರಡು ವಾರ ದಿನವಿಡೀ ಹೀಗೇ ಇದ್ದರೆ ಡಾಕ್ಟರಿಗೆ ತೋರಿಸಬೇಕು, ನಿನ್ನದು ಅದನ್ನು ದಾಟಿದೆ. ಥೈರಾಯ್ಡ್, ಬಿ12 ಕಡಿಮೆಯಾದರೂ ಮನಸ್ಸು ಹೀಗೆ ಮಂಕಾಗಬಹುದು, ರಕ್ತ ಪರೀಕ್ಷೆ ಮಾಡಿಸು. ಕೆಲವರಿಗೆ ಈ ಖಾಲಿತನ ಹರೆಯದಿಂದಲೇ ಇರುತ್ತೆ, ಜೊತೆಗೆ ಸಂಬಂಧಗಳೂ ಪದೇ ಪದೇ ಮುರೀತವೆ, ಅದಕ್ಕೆ ಆಪ್ತಸಮಾಲೋಚನೆಯೇ ಮುಖ್ಯ. ಹಾಗಾಗಿ ಯಾವಾಗ ಶುರುವಾಯ್ತು ಅಂತ ಡಾಕ್ಟರಿಗೆ ಸರಿಯಾಗಿ ಹೇಳು. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಬಾ, ದೂರ ಏನಲ್ಲ.

ಉಣಕಲ್ ಹುಡುಗ:
ಅಕ್ಕಾ, ಅಲ್ಲಿ ಯಾರಾದ್ರೂ ನೋಡಿದರೆ ಹುಚ್ಚಾಸ್ಪತ್ರೆಗೆ ಹೋಗಿದ್ದ ಅಂತ ಊರೆಲ್ಲಾ ಸಾರ್ತಾರೆ.

ಸಾಧನಕೇರಿ ಅಕ್ಕ:
ನಿನ್ನನ್ನು ನೋಡಿದವರೂ ಅಲ್ಲಿಗೇ ಬಂದಿರ್ತಾರಲ್ಲ! ನಿದ್ದೆ ಇಲ್ಲ ಅನ್ನೋರು, ಫಿಟ್ಸ್ ಇರೋರು, ಎಲ್ಲರೂ ಬರ್ತಾರೆ. ಮೊದಲು ಫೋನಲ್ಲೇ ಮಾತಾಡ್ತೀನಿ ಅಂದ್ರೆ 14416ಕ್ಕೆ ಮಾಡು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರಲ್ಲಿ ಶುರುವಾಗಿದ್ದು. ಪುಕ್ಕಟೆ, ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿಯೂ ಎತ್ತುತ್ತಾರೆ. ಬದುಕೇ ಬೇಡ ಅನ್ನೋ ಯೋಚನೆ ಬಂದರಂತೂ ಬೆಳಗಾಗಲಿ ಅಂತ ಕಾಯಬೇಡ, ಮನೆಯವರನ್ನೂ ಎಬ್ಬಿಸು.

ಹಾವೇರಿ ಮಂದಿ:
ನನಗೂ ಹೀಗೇ ಆಗಿತ್ತು ರೀ. ಮನಸ್ಸು ಬಂದ ಮೇಲೆ ಹೊರಗೆ ಹೋಗೋಣ ಅಂತ ಕಾದ್ರೆ ಮನಸ್ಸು ಬರೋದೇ ಇಲ್ಲ. ಮೊದಲು ಮಾಡಬೇಕು, ರುಚಿ ಆಮೇಲೆ ನಿಧಾನಕ್ಕೆ ಬರುತ್ತೆ. ಡಾಕ್ಟರ್ ನನ್ನ ಕೈಗೆ ಒಂದು ಹಾಳೆ ಕೊಟ್ಟು, ಏನು ಮಾಡಿದೆ, ಹತ್ತಕ್ಕೆ ಎಷ್ಟು ಹಿತ ಅನಿಸಿತು ಬರಿ ಅಂದಿದ್ದರು. ಮೊದಲೆಲ್ಲಾ ಬರೀ ಸೊನ್ನೆ. ಒಂದು ಸಂಜೆ ಅಣ್ಣನ ಮಗಳಿಗೆ ಸೈಕಲ್ ಕಲಿಸಿ ಬಂದು ಎರಡು ಅಂತ ಬರೆದೆ. ಮಾತ್ರೆ ಕೊಟ್ಟರೆ ಕೆಲವು ವಾರ ತಾಳ್ಮೆ ಬೇಕು, ಹುಷಾರಾದೆ ಅಂತ ನೀವೇ ನಿಲ್ಲಿಸಬೇಡಿ.

ಉಣಕಲ್ ಹುಡುಗ:
ಸೋಮವಾರ ರಜೆ ಹಾಕ್ತೀನಿ. ಅವ್ವನಿಗೆ ಏನು ಹೇಳಲಿ?

ಸಾಧನಕೇರಿ ಅಕ್ಕ:
ಥೈರಾಯ್ಡ್ ಟೆಸ್ಟಿಗೆ ಹೊರಟೆ ಅನ್ನು. ಸುಳ್ಳೇನಲ್ಲ ಅಲ್ವಾ.